ತಲೆಗೆ ಹಚ್ಚೋ ಗೋಧಿ, ತುಟಿಗೆ ಹಚ್ಚೋ ಗೋಧಿ

ಇತ್ತೀಚೆಗೆ ಶಾಂಪೂ, ಕಂಡೀಷನರ್, ಹೇರ್ ಸೀರಮ್ ಯಾವುದನ್ನ ಕೈಗೆತ್ತಿಕೊಂಡರೂ ಮುಂದುಗಡೆ ‘ಇಲ್ಲ’ಗಳದ್ದೇ ಪಟ್ಟಿ. ಸಲ್ಫೇಟ್ ಇಲ್ಲ, ಪ್ಯಾರಾಬೆನ್ ಇಲ್ಲ, ಈಗ ಗ್ಲುಟನ್ನೂ ಇಲ್ಲ. ಒಳಗೆ ಏನಿದೆ ಅಂತ ತಿಳಿಯಬೇಕಾದರೆ ಬಾಟ್ಲಿ ತಿರುಗಿಸಿ, ಫೋನಿನ ಟಾರ್ಚ್ ಹಾಕಿ ಓದಬೇಕು. ನನ್ನ ಅಕ್ಕನ ಮಗಳಿಗೆ ಸೀಲಿಯಾಕ್ ಇದೆ. ಹಾಗಾಗಿ ಈ ಟಾರ್ಚ್ ಓದು ನನಗೆ ಅಭ್ಯಾಸವಾಗಿಬಿಟ್ಟಿದೆ. ಇಷ್ಟು ಓದಿದ ಮೇಲೆ ನನ್ನ ತಕರಾರು ಒಂದೇ: ಗ್ಲುಟನ್ ಫ್ರೀ ಅನ್ನೋ ಮಾತು ಬೇಡದ ಕಡೆ ದೊಡ್ಡಕ್ಷರದಲ್ಲಿರುತ್ತೆ, ಬೇಕಾದ ಕಡೆ ಹುಡುಕಿದರೂ ಸಿಗಲ್ಲ.

ಸೀಲಿಯಾಕ್ ಇದ್ದವರು ಗೋಧಿ, ಬಾರ್ಲಿ, ರೈಗಳಲ್ಲಿರೋ ಗ್ಲುಟನ್ ತಿಂದರೆ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಒಳಪದರದ ಮೇಲೆ ತಿರುಗಿಬೀಳುತ್ತೆ. ತಿಂದರೆ ಮಾತ್ರ. ಗ್ಲುಟನ್ ಅಣು ದೊಡ್ಡದು, ಚರ್ಮ ದಾಟಿ ಕರುಳಿಗೆ ಹೋಗಲ್ಲ. ತಲೆಗೆ ಹಾಕಿ ತೊಳೆದುಬಿಡೋ ಶಾಂಪೂ ಬಾಯಿಗೆ ಹೋಗದಿದ್ದರೆ ಅವಳಿಗೆ ಏನೂ ಮಾಡಲ್ಲ. ಆದರೂ ಆ ಎರಡು ಪದಕ್ಕೆ ಜನ ಹೆಚ್ಚು ದುಡ್ಡು ಕೊಡ್ತಾರೆ.

ತುಟಿಯ ವಿಷಯ ಬೇರೆ. ಲಿಪ್‌ಸ್ಟಿಕ್, ಲಿಪ್ ಬಾಮ್ ಕಾಫಿ ಜೊತೆ, ಊಟದ ಜೊತೆ ಒಳಗೆ ಹೋಗ್ತಾನೇ ಇರುತ್ತೆ. ಎಷ್ಟು? 3.5 ಗ್ರಾಂ ಲಿಪ್‌ಸ್ಟಿಕ್ ಮೂರು ತಿಂಗಳು ಬಂತು ಅಂದುಕೊಳ್ಳಿ, ದಿನಕ್ಕೆ 40 ಮಿಲಿಗ್ರಾಂ ಕೂಡ ಆಗಲ್ಲ. ಪೂರ್ತಿ ನುಂಗಿದರೂ, ಅದರಲ್ಲಿ ನೂರಕ್ಕೆ 1 ಪಾಲು ಗೋಧಿ ಪ್ರೋಟೀನ್ ಇದ್ದರೆ ಅರ್ಧ ಮಿಲಿಗ್ರಾಂಗಿಂತ ಕಡಿಮೆ. 2007ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ ಕರುಳಿಗೆ ಪೆಟ್ಟು ಕಂಡಿದ್ದು ದಿನಕ್ಕೆ 50 ಮಿಲಿಗ್ರಾಂ ಗ್ಲುಟನ್ ಮೂರು ತಿಂಗಳು ತಿಂದಾಗ. ಹಾಗಾಗಿ ಗಾಬರಿ ಬೇಡ. ಆದರೆ ನುಂಗೋದು ಏನು ಅಂತ ಗೊತ್ತಿರಬೇಕಲ್ವಾ? ಆಹಾರಕ್ಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರಬಾರದು ಅಂತ ನಮ್ಮ ಎಫ್‌ಎಸ್‌ಎಸ್‌ಎಐ ಮಿತಿ ಹಾಕಿದೆ. ಲಿಪ್‌ಸ್ಟಿಕ್ ಆಹಾರ ಅಲ್ಲ, ಆ ಲೆಕ್ಕಕ್ಕೆ ಬರಲ್ಲ. ನಮ್ಮ ಹುಡುಗಿ ಒಂದು ಕಂಪನಿಗೆ ಮೇಲ್ ಮಾಡಿ ಲಿಪ್ ಬಾಮ್‌ನಲ್ಲಿರೋ ವಿಟಮಿನ್ ಇ ಗೋಧಿಯದಾ ಅಂತ ಕೇಳಿದ್ಲು. ‘ನಮ್ಮ ಶಾಂಪೂಗಳೆಲ್ಲ ಗ್ಲುಟನ್ ಫ್ರೀ’ ಅಂತ ಉತ್ತರ ಬಂತು! ಈಗ ಅವಳು ಮೂರು ಹೆಸರು ಬಾಯಿಪಾಠ ಮಾಡಿಕೊಂಡಿದ್ದಾಳೆ: ಟ್ರಿಟಿಕಂ ವಲ್ಗೇರ್ ಅಂದರೆ ಗೋಧಿ, ಹಾರ್ಡಿಯಂ ವಲ್ಗೇರ್ ಬಾರ್ಲಿ, ಸಿಕೇಲ್ ಸೀರಿಯೇಲ್ ರೈ.

ಹ್ಯಾಂಡ್ ಕ್ರೀಮನ್ನೂ ನೋಡಬೇಕು, ನಾವು ಕೈಯಲ್ಲಿ ಕಲಸಿ ಉಣ್ಣೋರು. ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆದರೆ ಆಯ್ತು. ಅಂದಹಾಗೆ, ಶಾಂಪೂ ಬದಲಿಸೋ ಮುಂಚೆ ಅಡುಗೆಮನೆಯ ಇಂಗಿನ ಡಬ್ಬಿ ತಿರುಗಿಸಿ ನೋಡಿ. ಇಂಗಿಗೆ ಮೈದಾ ಬೆರೆಸೋದು ಮಾಮೂಲು, ಅದು ಸಾರಿನ ಜೊತೆ ನೇರ ಹೊಟ್ಟೆಗೇ ಹೋಗುತ್ತೆ.

ಹಾಗಂತ ಚರ್ಮಕ್ಕೆ ಹಚ್ಚೋ ಗೋಧಿಯಿಂದ ಯಾರಿಗೂ ತೊಂದರೆಯಿಲ್ಲ ಅನ್ನೋ ಹಾಗಿಲ್ಲ. ಜಪಾನಿನಲ್ಲಿ ಮುಖ ತೊಳೆಯೋ ಒಂದು ಸೋಪಿಗೆ ಒಡೆದ ಗೋಧಿ ಪ್ರೋಟೀನ್ ಹಾಕಿದ್ದರು. ಅದನ್ನ ಬಳಸಿದವರಲ್ಲಿ 2000ಕ್ಕೂ ಹೆಚ್ಚು ಜನಕ್ಕೆ ಗೋಧಿ ಅಲರ್ಜಿ ಅಂಟಿಕೊಂಡಿತು. ಮೊದಲು ಆರಾಮಾಗಿ ಬ್ರೆಡ್ಡು, ನೂಡಲ್ಸ್ ತಿಂತಿದ್ದವರಿಗೆ ಕಣ್ಣು ಊದಿಕೊಂಡು, ಕೆಲವರಿಗೆ ಪ್ರಾಣಕ್ಕೇ ಬರುವಷ್ಟಾಯಿತು. 2011ರಲ್ಲಿ ಸೋಪನ್ನ ವಾಪಸ್ ತೆಗೆದುಕೊಂಡರು. ಆಮೇಲೆ ಯುರೋಪಿಯನ್ ಒಕ್ಕೂಟ ಕಾಸ್ಮೆಟಿಕ್ಸ್‌ಗೆ ಹಾಕೋ ಇಂಥ ತುಣುಕುಗಳ ಸರಾಸರಿ ಗಾತ್ರ 3.5 ಕಿಲೋಡಾಲ್ಟನ್ ಮೀರಬಾರದು ಅಂತ ನಿಯಮ ಮಾಡಿತು. ಆದರೆ ಇದು ಅಲರ್ಜಿ, ಸೀಲಿಯಾಕ್ ಅಲ್ಲ. ಎರಡಕ್ಕೂ ಒಂದೇ ಲೇಬಲ್ ಅಂಟಿಸಿ ಮಾರುವವರಿಗೆ ಈ ವ್ಯತ್ಯಾಸ ಬೇಕಿಲ್ಲ. ಕೂದಲು ನುಣುಪಾಗಲಿ ಅಂತ ಕಂಡೀಷನರ್‌ಗೆ ಹಾಕೋದೂ ಇದೇ ಜಾತಿಯ ಪ್ರೋಟೀನೇ. ಗೋಧಿ ಅಲರ್ಜಿ ಇರೋರು ‘ಹೈಡ್ರೊಲೈಸ್ಡ್ ವೀಟ್ ಪ್ರೋಟೀನ್’ ಅಂತ ಕಂಡರೆ ಆ ಬಾಟ್ಲಿಯನ್ನ ಅಲ್ಲೇ ಇಟ್ಟು ಬರೋದು ಒಳ್ಳೇದು. ನಮ್ಮ ಹುಡುಗಿ ಅದನ್ನೇ ತಂದು ತಲೆಗೆ ಹಚ್ಚಿಕೊಳ್ತಾಳೆ, ಚೆನ್ನಾಗೂ ಇದೆಯಂತೆ.