ಕೊಟ್ಟ ಮೇಲೂ ಒಡೆತನವೇ?

ರೈತರ ಸ್ವಾವಲಂಬನೆಯ ಹೆಸರಿನಲ್ಲಿ ಕಂಪನಿಗಳು ಕೆರೆಗಳ ಹೂಳೆತ್ತಿಸುತ್ತವೆ, ಚೆಕ್ ಡ್ಯಾಮ್ ಕಟ್ಟಿಸುತ್ತವೆ, ಬೀಜ ಹಂಚುತ್ತವೆ. ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕೆಂದು 2013ರ ಕಂಪನಿ ಕಾಯ್ದೆಯ 135ನೆಯ ಕಲಮು ವಿಧಿಸಿದೆ. ಕಾರ್ಯವೇನೋ ಸ್ತುತ್ಯ. ಆದರೆ ಇದು ದಾನವೇ?

ತನ್ನದೆಂಬುದನ್ನು ಅನುಗ್ರಹಬುದ್ಧಿಯಿಂದ ತ್ಯಜಿಸುವುದೇ ದಾನವೆಂಬುದು ತತ್ತ್ವಾರ್ಥಸೂತ್ರದ ಆಶಯ. ವಿಧಿ, ದ್ರವ್ಯ, ದಾತೃ, ಪಾತ್ರಗಳಿಗೆ ತಕ್ಕಂತೆ ಅದರ ಫಲವೂ ಭಿನ್ನವೆಂದು ಉಮಾಸ್ವಾಮಿಗಳು ತಿಳಿಸಿದ್ದಾರೆ. ಇಲ್ಲಿ ದ್ರವ್ಯಕ್ಕೆ ಕೊರತೆಯಿಲ್ಲ, ಕೊರತೆಯಿರುವುದು ವಿಧಿಯಲ್ಲಿ. ಹಲವು ವರ್ಷ ನಡೆಯುವ ಯೋಜನೆಗೆ, ಆರಂಭದ ವರ್ಷವನ್ನು ಬಿಟ್ಟು, ಮೂರು ವರ್ಷಗಳ ಗಡುವಿದೆ. ಆ ಬಳಿಕ ಒಡ್ಡು ಬಿರುಕುಬಿಟ್ಟರೆ ದುರಸ್ತಿಯ ಹೊಣೆ ಯಾರದು?

2021ರ ತಿದ್ದುಪಡಿಯ ಪ್ರಕಾರ ಇಂಥ ಆಸ್ತಿಯನ್ನು ಫಲಾನುಭವಿಗಳ ಸ್ವಸಹಾಯ ಸಂಘಕ್ಕೇ ವಹಿಸಬಹುದು. ಕಂಪನಿಯು ತಾನೇ ಸ್ಥಾಪಿಸಿದ ನೋಂದಾಯಿತ ಧರ್ಮಾರ್ಥ ಟ್ರಸ್ಟಿಗೆ ವಹಿಸಿದರೂ ಕಾನೂನಿಗೆ ಸಾಕು, ದಾನಧರ್ಮಕ್ಕೆ ಸಾಲದು. ಒಡೆತನ, ಲೆಕ್ಕಪತ್ರ, ನಿರ್ಧಾರ ಮೂರೂ ರೈತರ ಕೈಸೇರಿದಾಗಲೇ ಅದು ಸ್ವಾವಲಂಬನೆ.

ಕಂಪನಿಗಳನ್ನಷ್ಟೇ ದೂರುವುದು ಸಲ್ಲದು. ಶಿಲಾಫಲಕದ ಮೇಲೆ ಕಣ್ಣಿಟ್ಟು ದೇಣಿಗೆ ನೀಡುವ ನಾವೂ, ನಮ್ಮ ಬಸದಿಗಳ ಟ್ರಸ್ಟುಗಳೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ಕೊಟ್ಟೆವು ನಿಜ, ಬಿಟ್ಟೆವೇ?