ನೋಟಿಸಿನ ಎರಡನೇ ಸಾಲು

ಮೊನ್ನೆ ಊರಿಂದ ಬಂದ ಅಮ್ಮ, ಸೋಫಾದ ಮೇಲೆ ಕಾಲು ಚಾಚಿ ಮಲಗಿದ್ದ ನಮ್ಮ ಕಾಳನನ್ನ ನೋಡಿ, ‘ಅಲ್ವೋ, ಮೊಮ್ಮಗನ್ನ ಆಡಿಸೋಣ ಅಂತ ನಾನು ಕಾದ್ರೆ, ನೀವು ನಾಯಿಗೆ ಜೋಗುಳ ಹಾಡ್ತಿದ್ದೀರಲ್ಲ’ ಅಂದಳು. ನಗು ಬಂತು. ಒಳಗೆಲ್ಲೋ ಚುಚ್ಚಿತು ಕೂಡ.

ಇದು ಬರೀ ಅಮ್ಮನ ದೂರಲ್ಲ. ಮಕ್ಕಳ ಬದಲು ನಾಯಿ, ಬೆಕ್ಕು ಸಾಕೋದು ಒಂಥರಾ ಸ್ವಾರ್ಥ ಅಂತ 2022ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಕೂಡ ಹೇಳಿದ್ದರು. ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ 1.7 ಮಕ್ಕಳು. ನನ್ನ ಗೆಳೆಯರಲ್ಲಿ ಯಾರೂ ನಾಯಿ ಇದೆ ಅಂತ ಮಗು ಬೇಡ ಅಂದಿಲ್ಲ. ಅವರು ಹೇಳೋದು ಇಎಂಐ, ಸ್ಕೂಲ್ ಫೀಸು, ಮಗುವನ್ನ ನೋಡಿಕೊಳ್ಳೋರು ಯಾರು ಅನ್ನೋ ಪ್ರಶ್ನೆ.

ಹಾಗಂತ ನಾವೇನು ಸಾಚಾಗಳಲ್ಲ. ಊರಲ್ಲಿ ನಾಯಿ ಅಂಗಳದ್ದು, ಮಕ್ಕಳು ಕೇರಿಯವರು. ಯಾರೋ ಗದರುತ್ತಿದ್ದರು, ಇನ್ಯಾರೋ ಕರೆದು ತಿನ್ನೋಕೆ ಕೊಡುತ್ತಿದ್ದರು. ಅದೆಲ್ಲ ಸ್ವರ್ಗವಾಗಿರಲಿಲ್ಲ, ನಮ್ಮ ಹಳೇ ನಾಯಿ ಒಂದು ಇಂಜೆಕ್ಷನ್ನೂ ಕಾಣದೆ ಸತ್ತಿತು. ಈಗ ನಾಯಿ, ಮಗು ಇಬ್ಬರೂ ಫ್ಲ್ಯಾಟಿನೊಳಗೆ. ಇಬ್ಬರಿಗೂ ಟೈಮ್‌ಟೇಬಲ್, ಇಬ್ಬರಿಗೂ ಡೇಕೇರ್, ಇಬ್ಬರ ಜೊತೆಗೂ ಒಂದೇ ಭಾಷೆ: ‘ಸಿಟ್’, ‘ಕಮ್’, ‘ಗುಡ್ ಬಾಯ್’.

‘777 ಚಾರ್ಲಿ’ ಸಿನಿಮಾದಲ್ಲಿ ನಾಯಿ ಒಂಟಿ ಧರ್ಮನನ್ನು ಜನರ ಹತ್ತಿರಕ್ಕೆ ತರುತ್ತದೆ. ನೋಡಿ ಅತ್ತಿದ್ದೆ. ಕಾಳ ನನ್ನನ್ನ ಎಲ್ಲಿಗೆ ತಂದಿದ್ದಾನೆ?

ಕಳೆದ ತಿಂಗಳು ನಮ್ಮ ಅಸೋಸಿಯೇಷನ್ ನೋಟಿಸ್ ಅಂಟಿಸಿತು: ನಾಯಿಗಳಿಗೆ ಲಿಫ್ಟ್ ಇಲ್ಲ. ಹಾಗೆ ತಡೆಯುವಂತಿಲ್ಲ ಅನ್ನುವ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹಿಡಿದು ಜಗಳಕ್ಕೆ ಹೋದೆ, ಗೆದ್ದೆ. ಅದೇ ನೋಟಿಸಿನ ಎರಡನೇ ಸಾಲು: ‘ಪಾರ್ಕಿಂಗ್‌ನಲ್ಲಿ ಮಕ್ಕಳು ಆಡುವಂತಿಲ್ಲ.’ ಅದನ್ನೂ ಓದಿದ್ದೆ. ಆದರೆ ಸುಮ್ಮನಿದ್ದೆ. ಭಾನುವಾರದ ನಿದ್ದೆಗೆ ಒಳ್ಳೇದೇ ಆಯ್ತು ಅಂದುಕೊಂಡಿದ್ದೆ.

ನಾಯಿ ಬೊಗಳಿದರೆ ‘ಅದರ ಸ್ವಭಾವ’ ಅಂತೀವಿ. ಮಕ್ಕಳು ಕೂಗಿದರೆ ‘ಅಪ್ಪ ಅಮ್ಮ ಸರಿಯಾಗಿ ಬೆಳೆಸಿಲ್ಲ’ ಅಂತೀವಿ. ನಾಯಿಯನ್ನ ಮಗು ಅಂದರೆ ಯಾರ ಗಂಟೂ ಹೋಗಲ್ಲ. ಮಗುವೂ ನಾಯಿ ಥರ, ಎದುರಾಡದೆ, ಕರೆದಾಗ ಬಂದು, ಹೇಳಿದಲ್ಲಿ ಕೂತು ಬೆಳೀಬೇಕು ಅಂತ ಬಯಸ್ತೀವಲ್ಲ, ತಪ್ಪಿರೋದು ಅಲ್ಲಿ.

ಮುಂದಿನ ಮೀಟಿಂಗಿನಲ್ಲಿ ಆ ಎರಡನೇ ಸಾಲಿನ ಬಗ್ಗೆ ಮಾತಾಡೋಕೆ ಹೆಸರು ಕೊಟ್ಟಿದ್ದೇನೆ.