ಪದವಿಯ ಹೆಸರೋ, ಪಾಠದ ಹೂರಣವೋ?



ಪಿ.ಯು.ಸಿ. ಫಲಿತಾಂಶ ಬಂತೆಂದರೆ ನಮ್ಮ ಮನೆಗಳಲ್ಲಿ ಕಾಲೇಜುಗಳ ಪರಿಚಯ ಪುಸ್ತಿಕೆಗಳು ರಾಶಿ ಬೀಳುತ್ತವೆ. "ಮಕ್ಕಳ ಪರವಾಗಿ ದುಡಿಯುವ ಕೆಲಸ ಬೇಕು" ಎನ್ನುವ ಮಗಳು ಹೆಚ್ಚು ಹೊಳೆಯುವ ಪುಸ್ತಿಕೆಯನ್ನೇ ಮೊದಲು ಕೈಗೆತ್ತಿಕೊಳ್ಳುತ್ತಾಳೆ. 'ಮಕ್ಕಳ ಹಕ್ಕು ಮತ್ತು ನೀತಿ' ಎಂಬ ಆಕರ್ಷಕ ಹೆಸರು ಮುಖಪುಟದಲ್ಲಿರುತ್ತದೆ; ಶುಲ್ಕದ ವಿವರ ಕೊನೆಯ ಪುಟದಲ್ಲಿ, ಸಣ್ಣಕ್ಷರದಲ್ಲಿ. ತಂದೆ ಸಾಲದ ಲೆಕ್ಕ ಹಾಕತೊಡಗುತ್ತಾರೆ. ಕೃತಿಯೊಂದನ್ನು ವಿಮರ್ಶಿಸುವಂತೆ ಈ ಪುಸ್ತಿಕೆಯನ್ನೂ ವಿಮರ್ಶಿಸಬೇಕಾದ ಘಳಿಗೆ ಅದು.

ಇಂಥ ಪುಸ್ತಿಕೆಗಳ ಮೊದಲ ದೋಷವೆಂದರೆ ಹೆಸರನ್ನೇ ಅರ್ಹತೆಯೆಂದು ಬಿಂಬಿಸುವುದು. ಕಾನೂನು ಹೇಳುವುದೇ ಬೇರೆ. 2015ರ ಬಾಲನ್ಯಾಯ ಕಾಯ್ದೆಯಂತೆ ಪ್ರತಿ ಜಿಲ್ಲೆಯಲ್ಲೂ ಮಕ್ಕಳ ಕಲ್ಯಾಣ ಸಮಿತಿ ಇರಬೇಕು. ಅದರಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. 2021ರ ತಿದ್ದುಪಡಿಯು ಸದಸ್ಯರಿಗೆ ಮಕ್ಕಳ ಮನೋವಿಜ್ಞಾನ, ಕಾನೂನು, ಸಮಾಜಕಾರ್ಯ, ಸಮಾಜಶಾಸ್ತ್ರ, ಶಿಕ್ಷಣ ಮುಂತಾದ ವಿಷಯಗಳ ಪದವಿಯನ್ನು ವಿಧಿಸಿದೆ. ಅದರೊಂದಿಗೆ ಮಕ್ಕಳ ಆರೋಗ್ಯ, ಶಿಕ್ಷಣ ಅಥವಾ ಕಲ್ಯಾಣ ಕ್ಷೇತ್ರದಲ್ಲಿ ಏಳು ವರ್ಷಗಳ ಸಕ್ರಿಯ ದುಡಿಮೆ ಇರಬೇಕು, ಇಲ್ಲವೇ ಆ ವಿಷಯಗಳಲ್ಲಿ ವೃತ್ತಿನಿರತರಾಗಿರಬೇಕು. ಹೊಸ ಹೆಸರಿನ ದುಬಾರಿ ಪದವಿಯನ್ನು ಅದು ಕೇಳುವುದಿಲ್ಲ.

ಎರಡನೆಯ ದೋಷ ಕ್ಷೇತ್ರಕಾರ್ಯದ ಬಗೆಗಿನ ಮೌನ. ಸಂಕಷ್ಟದಲ್ಲಿರುವ ಮಕ್ಕಳಿಗಾಗಿ ಇರುವ 1098 ಸಹಾಯವಾಣಿ ಹುಟ್ಟಿದ್ದು ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಕ್ಷೇತ್ರಕಾರ್ಯ ಯೋಜನೆಯಾಗಿ, 1996ರಲ್ಲಿ. ಬೀದಿಯ ಮಗುವಿನ ಮಾತನ್ನು ಕೇಳಿಸಿಕೊಂಡ ವಿದ್ಯೆಯೇ ನೀತಿಯಾಗಿ ಬೆಳೆಯಿತು. ಭಾರತ 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆ, 2009ರ ಶಿಕ್ಷಣ ಹಕ್ಕು ಕಾಯ್ದೆ, 2012ರ ಪೋಕ್ಸೋ ಕಾಯ್ದೆ ಇವುಗಳನ್ನು ಓದಿಸದ, ಅಂಗನವಾಡಿಯನ್ನೂ ಬಾಲಮಂದಿರವನ್ನೂ ಕಾಣಿಸದ ಪಠ್ಯಕ್ರಮ ಎಷ್ಟು ಹೊಳೆದರೇನು?

ಮೂರನೆಯದು ಸಾಲದ ಮಾತು. ಈ ಕ್ಷೇತ್ರದಲ್ಲಿ ಗುತ್ತಿಗೆ ನೌಕರಿಗಳೇ ಬಹಳ. ಆರಂಭದ ಸಂಬಳ ಸಾಧಾರಣ. ಭಾರೀ ಸಾಲ ಹೊತ್ತ ಪದವೀಧರೆ ಮಕ್ಕಳ ನಡುವೆ ಏಳು ವರ್ಷ ಹೇಗೆ ನಿಂತಾಳು? ಕಂತು ಅವಳನ್ನು ಬೇರೆ ಕೆಲಸಕ್ಕೆ ಅಟ್ಟುತ್ತದೆ. ಆದ್ದರಿಂದ ಕಡಿಮೆ ಶುಲ್ಕವೆಂಬುದು ಇಲ್ಲಿ ಕೇವಲ ಜಾಣ ಲೆಕ್ಕವಲ್ಲ. ಅದು ಆ ಸೇವೆ ಉಳಿಯುವುದಕ್ಕೇ ಆಧಾರ.

ವಿಶೇಷ ಪದವಿಗಳೆಲ್ಲ ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ಕಾನೂನು, ಮನಸ್ಸು, ಆಯವ್ಯಯ ಇವನ್ನು ಒಂದೆಡೆ ಬೆಸೆದು ಕಲಿಸುವ ಕೋರ್ಸಿಗೆ ಬೆಲೆಯಿದೆ. ಆದರೆ ಅದನ್ನು ಸ್ನಾತಕೋತ್ತರ ಹಂತಕ್ಕೆ ಇರಿಸಿಕೊಳ್ಳಬಹುದು. ಮೊದಲ ಪದವಿಗೆ ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಸಮಾಜಕಾರ್ಯ ಅಥವಾ ಸಮಾಜಶಾಸ್ತ್ರವಿದೆಯೇ ನೋಡಿ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ ದೂರಶಿಕ್ಷಣದ ದಾರಿಯೂ ಉಂಟು. ಬೋಧನಾ ಮಾಧ್ಯಮವನ್ನು ಮೊದಲೇ ವಿಚಾರಿಸಿಕೊಳ್ಳಿ. 1960ರಲ್ಲಿ ಆರಂಭವಾದ ಮಂಗಳೂರಿನ ರೋಶನಿ ನಿಲಯದಂತಹ ಸಮಾಜಕಾರ್ಯ ಕಾಲೇಜುಗಳನ್ನೂ ಹೋಲಿಸಿ ನೋಡಿ. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಅರ್ಜಿ ಹಾಕಲು ಮರೆಯದಿರಿ.

ಪ್ರವೇಶಕ್ಕೆ ಮೊದಲು ಮೂರೇ ಪ್ರಶ್ನೆ ಕೇಳಿ: ಪದವಿಗೆ ಮಾನ್ಯತೆಯಿದೆಯೇ? ಕ್ಷೇತ್ರಕಾರ್ಯ ಎಷ್ಟು ದಿನ, ಯಾರ ಮಾರ್ಗದರ್ಶನದಲ್ಲಿ? ಹಾಸ್ಟೆಲು, ಬಸ್ಸಿನ ಖರ್ಚು ಸೇರಿ ಒಟ್ಟು ಎಷ್ಟು? ನೇರ ಉತ್ತರ ಸಿಗದಿದ್ದರೆ ಆ ಪುಸ್ತಿಕೆಯನ್ನು ಮಡಚಿಡಿ. ಮಗಳ ಹಂಬಲವನ್ನು ಮಾತ್ರ ಮಡಚಿಡಬೇಡಿ.